ಆಪ್ಟಿಮೈಸರ್‌ಗೆ ಸ್ಟಾರ್ಟಿಂಗ್ ಪಾಯಿಂಟ್ ಎಲ್ಲಿಂದ ತರೋಣ?

ಆಪ್ಟಿಮೈಸರ್ ಎಂದರೆ ಸರ್ಕ್ಯೂಟ್‌ನ ಅಳತೆಗಳನ್ನು ಬದಲಿಸಿ, ಸಿಮ್ಯುಲೇಶನ್ ಮಾಡಿ ನೋಡುತ್ತಾ, ಬೇಕಾದ ಫಲಿತಾಂಶದ ಕಡೆಗೆ ಹೋಗುವ ಪ್ರೋಗ್ರಾಂ. ಸುರತ್ಕಲ್, ನಿಟ್ಟೆ, ಮಣಿಪಾಲ ಕಡೆ ಪ್ರಾಜೆಕ್ಟ್ ಸೀಸನ್ ಶುರುವಾದರೆ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸರ್, ಆಪ್‌ಆಂಪ್ ಆಪ್ಟಿಮೈಸ್ ಮಾಡ್ತಾ ಇದ್ದೇವೆ. ಗೇನ್ 40 ಡಿಬಿ ದಾಟುವುದೇ ಇಲ್ಲ. ಯಾವ ಅಲ್ಗಾರಿದಮ್ ಹಾಕಿದರೆ ಒಳ್ಳೆಯದು?" (ಆಪ್‌ಆಂಪ್ ಎಂದರೆ ಸಿಗ್ನಲ್ ದೊಡ್ಡದು ಮಾಡುವ ಸರ್ಕ್ಯೂಟ್, ಎಷ್ಟು ದೊಡ್ಡದು ಎಂಬುದು ಗೇನ್.) ನಾನು ತಿರುಗಿ ಕೇಳುತ್ತೇನೆ: "ಎಲ್ಲಿಂದ ಶುರು ಮಾಡಿದ್ದೀರಿ?" ಹೆಚ್ಚಿನವರ ಬಳಿ ಇದಕ್ಕೆ ಉತ್ತರ ಇರುವುದಿಲ್ಲ. ಸ್ಕೀಮ್ಯಾಟಿಕ್‌ನಲ್ಲಿ ಟ್ರಾನ್ಸಿಸ್ಟರ್ ಇಟ್ಟಾಗ ತಾನಾಗಿ ಬಂದ ಡಿಫಾಲ್ಟ್ ಅಳತೆಯೇ ಅವರ ಸ್ಟಾರ್ಟಿಂಗ್ ಪಾಯಿಂಟ್ ಆಗಿರುತ್ತದೆ.

ಕಾಲೇಜಿನವರು ಮಾತ್ರ ಅಲ್ಲ, ಬೋರ್ಡ್ ಡಿಸೈನ್ ಮಾಡುವ ಸಣ್ಣ ಕಂಪನಿಯವರೂ ಇದನ್ನೇ ಕೇಳುತ್ತಾರೆ. ಕೈಲೆಕ್ಕ ಮಾಡಬೇಕಾ? ಹಳೆಯ ಡಿಸೈನ್ ಎತ್ತಿಕೊಳ್ಳಬಹುದಾ? ಸುಮ್ನೆ ರ‍್ಯಾಂಡಮ್ ಹಾಕಿದರೆ ಎಂತ ಆಗುತ್ತದೆ? ಗ್ಲೋಬಲ್ ಆಪ್ಟಿಮೈಸರ್ ಇರುವಾಗ ಈ ತಲೆನೋವು ಯಾಕೆ? ಒಂದೊಂದನ್ನೂ ತೂಗಿ ನೋಡೋಣ.

ಅದಕ್ಕೆ ಮೊದಲು, ಲೋಕಲ್ ಆಪ್ಟಿಮೈಸರ್ ಎಂದರೆ ಏನು ಎಂಬುದು ಸ್ಪಷ್ಟವಾಗಬೇಕು. ಚಾರ್ಮಾಡಿ ಅಥವಾ ಶಿರಾಡಿ ಘಾಟಿಯ ನೆತ್ತಿಯಲ್ಲಿ ಬೀಳುವ ಮಳೆ ನೋಡಿ. ಪಡುವಣ ಮಗ್ಗುಲಿಗೆ ಬಿದ್ದ ನೀರು ನೇತ್ರಾವತಿ ಸೇರಿ ಮಂಗಳೂರಿನ ಅಳಿವೆಯಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಸ್ವಲ್ಪವೇ ಮೂಡಣಕ್ಕೆ ಬಿದ್ದದ್ದು ಹೇಮಾವತಿ ಸೇರಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೀರು ಎರಡೂ ಕಡೆ ಮಾಡುವುದು ಒಂದೇ ಕೆಲಸ, ಇಳಿಜಾರು ಹುಡುಕಿ ಇಳಿಯುವುದು. ಎಲ್ಲಿ ಮುಟ್ಟುತ್ತದೆ ಎಂಬುದನ್ನು ತೀರ್ಮಾನಿಸುವುದು ಎಲ್ಲಿ ಬಿತ್ತು ಎಂಬುದು. ಲೋಕಲ್ ಆಪ್ಟಿಮೈಸರ್ ಕೂಡ ಹಾಗೆಯೇ. ನಿಮ್ಮ ಸ್ಪೆಕ್‌ಗಳಿಂದ (ಸರ್ಕ್ಯೂಟ್ ಮುಟ್ಟಬೇಕಾದ ಗುರಿಗಳಿಂದ) ಕಟ್ಟಿದ, ಗುರಿ ಎಷ್ಟು ದೂರ ಎಂದು ಹೇಳುವ ಒಂದು ಕಾಸ್ಟ್ ಸಂಖ್ಯೆಯನ್ನು ಹಿಡಿದು ಅದು ಇಳಿಯುತ್ತಾ ಹೋಗುತ್ತದೆ. ಗ್ರೇಡಿಯಂಟ್ (ಇಳಿಜಾರಿನ ದಿಕ್ಕು) ನೋಡಿ ಇಳಿಯುವ ಕ್ವಾಸಿ-ನ್ಯೂಟನ್ ಇರಲಿ, 1965ರಲ್ಲಿ ಬಂದು ಇವತ್ತಿಗೂ ಓಡುತ್ತಿರುವ ನೆಲ್ಡರ್-ಮೀಡ್ ಇರಲಿ, ಪಕ್ಕದ ಕಣಿವೆ ಇನ್ನೂ ಆಳ ಉಂಟು ಎಂಬುದು ಇವಕ್ಕೆ ಕಾಣುವುದಿಲ್ಲ. ಹಾಗಾಗಿ ಅಲ್ಗಾರಿದಮ್ ಬದಲಿಸುತ್ತಾ ಕೂರುವುದಕ್ಕಿಂತ ಶುರುವಿನ ಜಾಗ ಬದಲಿಸಿದರೆ ಲಾಭ ಜಾಸ್ತಿ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ಆ ಪಾಯಿಂಟ್‌ನಲ್ಲಿ ಸರ್ಕ್ಯೂಟ್ ಜೀವಂತ ಇದೆಯಾ ಎಂಬುದು. ಆಪ್‌ಆಂಪ್‌ನ ಔಟ್‌ಪುಟ್ ಸಪ್ಲೈಗೇ ಅಂಟಿಕೊಂಡಿದ್ದರೆ ಅಥವಾ ಟ್ರಾನ್ಸಿಸ್ಟರ್‌ಗಳು ಸ್ಯಾಚುರೇಶನ್‌ನಲ್ಲಿ (ಸಿಗ್ನಲ್ ದೊಡ್ಡದು ಮಾಡಬಲ್ಲ ಸ್ಥಿತಿಯಲ್ಲಿ) ಇಲ್ಲದಿದ್ದರೆ ಗೇನ್ ಇರುವುದೇ ಇಲ್ಲ. ಆಗ ಒಂದು ಅಗಲವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೂ ಗೇನ್ ಕದಲುವುದಿಲ್ಲ. ನೆಲ ಸಪಾಟು. ಇಳಿಜಾರೇ ಇಲ್ಲದ ಕಡೆ ಆಪ್ಟಿಮೈಸರ್ ಎತ್ತ ಹೋಗಬೇಕು? ನಾಲ್ಕು ಸುತ್ತು ಹಾಕಿ, ಮುಗಿಯಿತು ಎಂದು ನಿಂತುಬಿಡುತ್ತದೆ. ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ಬಗೆಯವು.

ಎರಡನೆಯದು ಸಮಯದ ಬೆಲೆ. ನಿಮ್ಮ ಬಳಿ 10 ವೇರಿಯಬಲ್ ಇವೆ ಎಂದುಕೊಳ್ಳಿ. ಒಂದೊಂದನ್ನೇ ಅಲುಗಾಡಿಸಿ ಗ್ರೇಡಿಯಂಟ್ ಲೆಕ್ಕ ಹಾಕಲು 11 ಸಿಮ್ಯುಲೇಶನ್ ಬೇಕು. ಒಂದಕ್ಕೆ 2 ಸೆಕೆಂಡ್ ಆದರೆ 22 ಸೆಕೆಂಡ್, ಚಿಂತೆ ಇಲ್ಲ. ಲೇಔಟ್ ಆದ ಮೇಲಿನ ಸಿಮ್ಯುಲೇಶನ್, ಒಂದಕ್ಕೆ 10 ನಿಮಿಷ ಎಂದಾದರೆ ಒಂದೇ ಒಂದು ಹೆಜ್ಜೆಯ ದಿಕ್ಕು ತಿಳಿಯಲು 110 ನಿಮಿಷ. ಆಗ ಹತ್ತಾರು ಕಡೆಯಿಂದ ಶುರು ಮಾಡುವ ಮಾತೇ ಇಲ್ಲ.

ಮೂರನೆಯದು, ನಿಮ್ಮ ಸಮಸ್ಯೆಯಲ್ಲಿ ಎಷ್ಟು ಕಣಿವೆಗಳಿರಬಹುದು ಎಂಬ ಅಂದಾಜು. ಒಂದು ಸರಳ ಆಕ್ಟಿವ್ ಫಿಲ್ಟರ್‌ನಲ್ಲಿ ಹೆಚ್ಚು ಇರುವುದಿಲ್ಲ. ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ) ಮ್ಯಾಚಿಂಗ್‌ನಲ್ಲಿ ಖಂಡಿತ ಇರುತ್ತವೆ.

ಕೊನೆಯದು, ಬಂದ ಉತ್ತರವನ್ನು ವಿವರಿಸಬೇಕಾದವರು ನೀವೇ. ವೈವಾದಲ್ಲಿ ಎಕ್ಸ್‌ಟರ್ನಲ್ "ಈ ಟ್ರಾನ್ಸಿಸ್ಟರ್ 37 ಮೈಕ್ರಾನ್ ಯಾಕೆ?" ಎಂದು ಕೇಳಿದರೆ "ಟೂಲ್ ಕೊಟ್ಟಿತು" ಎನ್ನಲು ಆಗುತ್ತದಾ ಮಾರಾಯ್ರೆ? ಕಂಪನಿಯ ಡಿಸೈನ್ ರಿವ್ಯೂನಲ್ಲಿ ಇನ್ನೂ ಕಷ್ಟ.

ಡಿಫಾಲ್ಟ್ ಮತ್ತು ನಡುವಿನ ಬೆಲೆ

ಇದನ್ನು ಬೇಗ ಮುಗಿಸೋಣ. ಡಿಫಾಲ್ಟ್ ಅಳತೆಯಲ್ಲಿ ಶುರು ಮಾಡುವುದು ಆಯ್ಕೆಯೇ ಅಲ್ಲ. ಪ್ರತಿ ವೇರಿಯಬಲ್‌ನ ಕನಿಷ್ಠ-ಗರಿಷ್ಠಗಳ ನಡುವಿನ ಬೆಲೆ ಹಿಡಿಯುವುದು ಅದಕ್ಕಿಂತ ಒಂದು ತೂಕ ಮೇಲು. ಆದರೆ ಇಲ್ಲೊಂದು ಎಡವಟ್ಟು ಉಂಟು. ರೆಸಿಸ್ಟರ್ 1 ಕಿಲೋ ಓಮ್‌ನಿಂದ 1 ಮೆಗಾ ಓಮ್ ತನಕ ಹೋಗಬಹುದು ಎಂದರೆ ಸಾದಾ ನಡುಬೆಲೆ 500 ಕಿಲೋ ಓಮ್ ಚಿಲ್ಲರೆ. ಅದು ಮೇಲ್ತುದಿಯ ಹತ್ತಿರವೇ ಇದೆ. ಲಾಗ್ ಲೆಕ್ಕದಲ್ಲಿ ನಡು ಬೇಕೆಂದರೆ ಸುಮಾರು 31.6 ಕಿಲೋ ಓಮ್. ರೆಸಿಸ್ಟರ್, ಕೆಪಾಸಿಟರ್, ಕರೆಂಟ್, ಟ್ರಾನ್ಸಿಸ್ಟರ್ ಅಗಲ ಎಲ್ಲವನ್ನೂ ಲಾಗ್‌ನಲ್ಲೇ ಯೋಚಿಸಿ. ಈ ಒಂದು ಅಭ್ಯಾಸ ಮುಂದಿನ ಎಲ್ಲಾ ಆಯ್ಕೆಗಳಿಗೂ ಬೇಕಾಗುತ್ತದೆ.

ಕೈಲೆಕ್ಕ

ನನ್ನ ಓಟು ಇದಕ್ಕೇ. ಕಾರಣವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಎರಡು ಹಂತದ ಮಿಲ್ಲರ್ ಆಪ್‌ಆಂಪ್. ಲೋಡ್ 10 ಪಿಕೋಫ್ಯಾರಡ್, ಗೇನ್ ಬ್ಯಾಂಡ್‌ವಿಡ್ತ್ 10 ಮೆಗಾಹರ್ಟ್ಸ್, ಸ್ಲ್ಯೂ ರೇಟ್ ಮೈಕ್ರೋಸೆಕೆಂಡಿಗೆ 10 ವೋಲ್ಟ್, ಫೇಸ್ ಮಾರ್ಜಿನ್ 60 ಡಿಗ್ರಿ ಬೇಕು.

ಪುಸ್ತಕದ ಪ್ರಕಾರ ಮಿಲ್ಲರ್ ಕೆಪಾಸಿಟರ್ (ಎರಡನೇ ಹಂತದ ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ ಇಡುವುದು) ಲೋಡ್‌ನ 0.22 ಪಾಲಿಗಿಂತ ಜಾಸ್ತಿ ಇರಬೇಕು. ಅಂದರೆ 2.2 ಪಿಕೋಫ್ಯಾರಡ್‌ಗಿಂತ ಮೇಲೆ. 2.5 ಹಿಡಿಯೋಣ. ಸ್ಲ್ಯೂ ರೇಟ್‌ಗೆ (ಔಟ್‌ಪುಟ್ ಏರಿಳಿಯುವ ವೇಗಕ್ಕೆ) ಬೇಕಾದ ಟೇಲ್ ಕರೆಂಟ್, ಅಂದರೆ ಇನ್‌ಪುಟ್ ಜೋಡಿಯ ಒಟ್ಟು ಕರೆಂಟ್, 25 ಮೈಕ್ರೋಆಂಪ್. ಗೇನ್ ಬ್ಯಾಂಡ್‌ವಿಡ್ತ್‌ಗಾಗಿ ಇನ್‌ಪುಟ್ ಜೋಡಿಯ ಜಿಎಂ (ಗೇಟ್ ವೋಲ್ಟೇಜ್ ಬದಲಾದರೆ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಸುಮಾರು 157 ಮೈಕ್ರೋಸೀಮೆನ್ಸ್ ಬೇಕು. ಎರಡನೇ ಹಂತದ ಜಿಎಂ ಇದರ ಹತ್ತು ಪಟ್ಟು, ಅಂದರೆ 1.57 ಮಿಲಿಸೀಮೆನ್ಸ್. ಅಷ್ಟೇ. ಅರ್ಧ ಹಾಳೆ ಸಾಕು.

ಈಗ ನೋಡಿ, ಇನ್‌ಪುಟ್‌ನ ಒಂದೊಂದು ಟ್ರಾನ್ಸಿಸ್ಟರ್‌ನಲ್ಲಿ ಹರಿಯುವುದು 12.5 ಮೈಕ್ರೋಆಂಪ್. ಜಿಎಂ ಅನ್ನು ಅದರಿಂದ ಭಾಗಿಸಿದರೆ ವೋಲ್ಟಿಗೆ 12.6 ಬರುತ್ತದೆ. ಇದು ಮಾಡರೇಟ್ ಇನ್ವರ್ಶನ್, ಟ್ರಾನ್ಸಿಸ್ಟರ್ ಪೂರ್ತಿ ತೆರೆಯದ ನಡುವಿನ ಸ್ಥಿತಿ. ಪುಸ್ತಕದ ಸ್ಕ್ವೇರ್ ಲಾ ಸೂತ್ರ ಇಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದನ್ನು ನಂಬಿ ಅಗಲ ತೆಗೆದರೆ ಕಡಿಮೆ ಬರುತ್ತದೆ. "ಕೈಲೆಕ್ಕ ಸಿಮ್ಯುಲೇಟರ್‌ಗೆ ಹೊಂದುವುದಿಲ್ಲ, ಹಾಗಾಗಿ ದಂಡ" ಎಂದು ಹುಡುಗರು ಬಿಟ್ಟುಬಿಡುವುದು ಇಲ್ಲಿಯೇ. ಬಿಡಬೇಕಾಗಿಲ್ಲ. 1996ರಲ್ಲಿ ಸಿಲ್ವೇರಾ, ಫ್ಲಾಂದ್ರ್, ಯೆಸ್ಪರ್ಸ್ ತೋರಿಸಿಕೊಟ್ಟ ಜಿಎಂ ಬೈ ಐಡಿ (ಜಿಎಂ ಅನ್ನು ಕರೆಂಟ್‌ನಿಂದ ಭಾಗಿಸಿದ್ದು) ದಾರಿ ಉಂಟು. ಒಂದೇ ಟ್ರಾನ್ಸಿಸ್ಟರ್ ಇಟ್ಟು ಗೇಟ್ ವೋಲ್ಟೇಜ್ ಸ್ವೀಪ್ ಮಾಡಿ, ಜಿಎಂ ಬೈ ಐಡಿ 12.6 ಇರುವ ಕಡೆ ಒಂದು ಮೈಕ್ರಾನ್ ಅಗಲಕ್ಕೆ ಎಷ್ಟು ಕರೆಂಟ್ ಹರಿಯುತ್ತದೆ ಎಂದು ಓದಿಕೊಳ್ಳಿ. 12.5 ಮೈಕ್ರೋಆಂಪ್ ಅನ್ನು ಅದರಿಂದ ಭಾಗಿಸಿದರೆ ಅಗಲ ಸಿಕ್ಕಿತು. ಸಿಮ್ಯುಲೇಟರ್‌ನ ಮಾಡೆಲ್‌ನಿಂದಲೇ ಟೇಬಲ್ ಬಂದದ್ದರಿಂದ ಲೆಕ್ಕಕ್ಕೂ ಸಿಮ್ಯುಲೇಶನ್‌ಗೂ ಜಗಳ ಕಡಿಮೆ.

ಇದಕ್ಕೆ ದುಡ್ಡೂ ಬೇಡ. ಗೂಗಲ್ ಮತ್ತು ಸ್ಕೈವಾಟರ್ ಸೇರಿ 2020ರಲ್ಲಿ 130 ನ್ಯಾನೋಮೀಟರ್‌ನ ಪಿಡಿಕೆಯನ್ನು (ಚಿಪ್ ಡಿಸೈನ್‌ಗೆ ಬೇಕಾದ ಮಾಡೆಲ್, ನಿಯಮಗಳ ಕಟ್ಟನ್ನು) ಎಲ್ಲರಿಗೂ ಮುಕ್ತವಾಗಿ ಬಿಟ್ಟವು. ಸ್ಕೀಮ್ಯಾಟಿಕ್ ಬರೆಯುವ ಎಕ್ಸ್‌ಸ್ಕೀಮ್, ಸಿಮ್ಯುಲೇಟರ್ ಎನ್‌ಜಿಸ್ಪೈಸ್ ಎರಡೂ ಉಚಿತ. ಕಾರ್ಕಳದ ಮನೆಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲೇ ಟೇಬಲ್ ಮಾಡಿಕೊಳ್ಳಬಹುದು.

ಕೈಲೆಕ್ಕದ ತೊಂದರೆ ಬೇರೆ ಕಡೆ ಇದೆ. ನಿಮಗೆ ಗೊತ್ತಿರುವ ಕಣಿವೆಗೆ ಮಾತ್ರ ಅದು ಕರೆದುಕೊಂಡು ಹೋಗುತ್ತದೆ. ಮಿಲ್ಲರ್ ಆಪ್‌ಆಂಪ್‌ಗೆ ಸೂತ್ರಗಳು ಬೇಕಾದಷ್ಟಿವೆ. ನಿಮ್ಮ ಗೈಡ್ ಹೊಸದೊಂದು ಟೋಪಾಲಜಿ (ಸರ್ಕ್ಯೂಟ್‌ನ ಜೋಡಣೆ) ಕೊಟ್ಟು, ನಾಲ್ಕು ಫೀಡ್‌ಬ್ಯಾಕ್ ದಾರಿ ಇರುವ ಸರ್ಕ್ಯೂಟ್ ಕೈಗಿಟ್ಟರೆ ಸೂತ್ರ ಎಲ್ಲಿಂದ ತರುತ್ತೀರಿ? ಅಂಥ ಕಡೆ ಬಯಾಸ್‌ನಷ್ಟು (ಸಿಗ್ನಲ್ ಇಲ್ಲದಾಗಿನ ಕರೆಂಟ್, ವೋಲ್ಟೇಜ್‌ನಷ್ಟು) ಕೈಯಲ್ಲಿ ಲೆಕ್ಕ ಹಾಕಿ, ಉಳಿದದ್ದನ್ನು ಕೆಳಗೆ ಬರುವ ಬೇರೆ ವಿಧಾನಕ್ಕೆ ಬಿಡಿ.

ಸೀನಿಯರ್‌ನ ಡಿಸೈನ್, ಹಳೆಯ ಬೋರ್ಡ್

ಅತ್ಯಂತ ಅಗ್ಗದ ದಾರಿ. ಕೆಲಸ ಮಾಡಿದ ಸರ್ಕ್ಯೂಟ್ ಆದ್ದರಿಂದ ಜೀವ ಖಂಡಿತ ಇರುತ್ತದೆ. ಒಂದೇ ಪ್ರೊಸೆಸ್, ಒಂದೇ ಟೋಪಾಲಜಿ, ಸ್ಪೆಕ್ ಮಾತ್ರ ಸ್ವಲ್ಪ ಬದಲಾಗಿದೆ ಎಂದಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಂಪನಿಗಳಲ್ಲಿ ಹೆಚ್ಚಿನ ಕೆಲಸ ನಡೆಯುವುದೇ ಹೀಗೆ.

ಪ್ರೊಸೆಸ್ ಬದಲಾದಾಗ ಮಾತ್ರ ಎಚ್ಚರ ಬೇಕು. 180 ನ್ಯಾನೋಮೀಟರ್‌ನಲ್ಲಿ ಮಾಡಿದ ಅಳತೆಗಳನ್ನು ಹಾಗೇ 130ಕ್ಕೆ ಅಂಟಿಸಬೇಡಿ. ಎಲ್ಲವನ್ನೂ ಒಂದೇ ಅನುಪಾತದಲ್ಲಿ ಕುಗ್ಗಿಸುವುದೂ ಬೇಡ. ಥ್ರೆಶೋಲ್ಡ್ ವೋಲ್ಟೇಜ್ ಬೇರೆ, ಔಟ್‌ಪುಟ್ ರೆಸಿಸ್ಟೆನ್ಸ್ ಬೇರೆ. ಹಳೆಯ ಡಿಸೈನ್‌ನಿಂದ ಅಗಲಗಳನ್ನು ತರುವ ಬದಲು ಕರೆಂಟ್‌ಗಳನ್ನೂ ಪ್ರತಿ ಟ್ರಾನ್ಸಿಸ್ಟರ್‌ನ ಜಿಎಂ ಬೈ ಐಡಿಯನ್ನೂ ತನ್ನಿ. ಹೊಸ ಪ್ರೊಸೆಸ್‌ನ ಟೇಬಲ್ ನೋಡಿ ಅಗಲವನ್ನು ಮತ್ತೆ ಕಟ್ಟಿ. ಒಂದು ಸಂಜೆಯ ಕೆಲಸ, ಆದರೆ ಬಯಾಸ್ ಉಳಿಯುತ್ತದೆ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಹಳೆಯ ಡಿಸೈನ್ ಈಗಾಗಲೇ ಒಮ್ಮೆ ಆಪ್ಟಿಮೈಸ್ ಆದದ್ದು. ಅದರ ಕೆಲವು ವೇರಿಯಬಲ್‌ಗಳು ಆಗ ಕೊಟ್ಟ ಮಿತಿಗಳಿಗೇ ಅಂಟಿಕೊಂಡು ಕೂತಿರುತ್ತವೆ. ಸೀನಿಯರ್ ಅಗಲಕ್ಕೆ 50 ಮೈಕ್ರಾನ್ ಗರಿಷ್ಠ ಕೊಟ್ಟಿದ್ದರೆ, ಉತ್ತರವೂ ಸರಿಯಾಗಿ 50 ಇದ್ದರೆ, ಅದು ಸರ್ಕ್ಯೂಟ್‌ನ ಬಯಕೆ ಅಲ್ಲ, ಸೀನಿಯರ್‌ನ ಬೇಲಿ. ಅಂಥವನ್ನು ಒಳಕ್ಕೆ ತಳ್ಳಿ, ಮಿತಿಯನ್ನು ಸಡಿಲ ಮಾಡಿ ಶುರು ಮಾಡಿ.

ಡೇಟಾಶೀಟ್‌ನ ಕೊನೆಯಲ್ಲಿ ಕೊಡುವ ಮಾದರಿ ಸರ್ಕ್ಯೂಟ್‌ಗಳೂ ಇದೇ ಜಾತಿಗೆ ಸೇರಿದವು. ಬೋರ್ಡ್ ಮಾಡುವವರಿಗೆ ಅದೇ ಒಳ್ಳೆಯ ಸ್ಟಾರ್ಟಿಂಗ್ ಪಾಯಿಂಟ್.

ಚೆಲ್ಲಿ ಹುಡುಕುವುದು

ಒಂದೇ ಕಡೆಯಿಂದ ಇಳಿಯುವ ಬದಲು ಹಲವು ಕಡೆಯಿಂದ ಇಳಿದು, ಯಾವುದು ಆಳ ನೋಡುವುದು. ಮಲ್ಟಿಸ್ಟಾರ್ಟ್ ಎನ್ನುತ್ತಾರೆ. ಪ್ರಶ್ನೆ ಇರುವುದು ಪಾಯಿಂಟ್‌ಗಳನ್ನು ಹೇಗೆ ಚೆಲ್ಲಬೇಕು ಎಂಬುದರಲ್ಲಿ.

ಗ್ರಿಡ್ ಹಾಕೋಣ ಎಂದು ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಎರಡು ವೇರಿಯಬಲ್‌ಗೆ ಚಂದ. 10 ವೇರಿಯಬಲ್, ಒಂದೊಂದಕ್ಕೆ ಐದೇ ಬೆಲೆ ಎಂದರೂ 97,65,625 ಸಿಮ್ಯುಲೇಶನ್. ಒಂದಕ್ಕೆ 2 ಸೆಕೆಂಡ್ ಹಿಡಿದರೆ ಏಳು ತಿಂಗಳು ದಾಟುತ್ತದೆ. ಸೆಮಿಸ್ಟರೇ ಅಷ್ಟು ಇರುವುದಿಲ್ಲ ಅಲ್ವಾ?

ಸುಮ್ನೆ ರ‍್ಯಾಂಡಮ್ ಹಾಕಿದರೆ ಕೆಲವು ಕಡೆ ಗುಂಪಾಗಿ, ಕೆಲವು ಕಡೆ ಖಾಲಿಯಾಗಿ ಬೀಳುತ್ತವೆ. 1979ರಲ್ಲಿ ಮೆಕೇ, ಬೆಕ್‌ಮನ್, ಕೊನೋವರ್ ಕೊಟ್ಟ ಲ್ಯಾಟಿನ್ ಹೈಪರ್‌ಕ್ಯೂಬ್ ಇದನ್ನು ಸರಿ ಮಾಡುತ್ತದೆ. 50 ಪಾಯಿಂಟ್ ಬೇಕೆಂದರೆ ಪ್ರತಿ ವೇರಿಯಬಲ್‌ನ ವ್ಯಾಪ್ತಿಯನ್ನು 50 ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಒಂದೇ ಒಂದು ಬೀಳುವಂತೆ ನೋಡಿಕೊಳ್ಳುತ್ತದೆ. ಸೋಬೋಲ್ ಸರಣಿ ಇನ್ನೊಂದು. ಅದನ್ನು ಬಳಸುವಾಗ 32, 64, 128 ಹೀಗೆ ಎರಡರ ಘಾತದಲ್ಲೇ ಪಾಯಿಂಟ್ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅದರ ಹದ ಕೆಡುತ್ತದೆ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ 2021ರಿಂದ ಎರಡೂ ಸಿದ್ಧವಾಗಿ ಸಿಗುತ್ತವೆ. ಎರಡರಲ್ಲಿ ಯಾವುದು ಎಂದು ತಲೆಕೆಡಿಸಿಕೊಳ್ಳಬೇಡಿ. ಲಾಗ್‌ನಲ್ಲಿ ಚೆಲ್ಲಿದಿರಾ ಇಲ್ಲವಾ ಎಂಬುದು ಇದಕ್ಕಿಂತ ಮುಖ್ಯ.

ಈಗ ಸಮಯ ಉಳಿಸುವ ಉಪಾಯ. ಚೆಲ್ಲಿದ ಎಲ್ಲದರಿಂದಲೂ ಆಪ್ಟಿಮೈಸರ್ ಓಡಿಸಬೇಡಿ. ಮೊದಲು ಎಲ್ಲದಕ್ಕೂ ಡಿಸಿ ಆಪರೇಟಿಂಗ್ ಪಾಯಿಂಟ್ ಮಾತ್ರ ಲೆಕ್ಕ ಹಾಕಿಸಿ. ಇದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆಗುವ ಕೆಲಸ. ಸ್ಯಾಚುರೇಶನ್‌ನಲ್ಲಿ ಇಲ್ಲದವು, ಔಟ್‌ಪುಟ್ ಸಪ್ಲೈಗೆ ಅಂಟಿದವು ಎಲ್ಲವನ್ನೂ ಅಲ್ಲಿಯೇ ಕಿತ್ತು ಹಾಕಿ. ಎಷ್ಟೊಂದು ಹೋಗುತ್ತವೆ ಎಂದು ನೋಡಿದರೆ ಆಶ್ಚರ್ಯ ಆಗುತ್ತದೆ. ಉಳಿದವಕ್ಕೆ ಎಸಿ ಸಿಮ್ಯುಲೇಶನ್ ಮಾಡಿ ಕಾಸ್ಟ್ ನೋಡಿ. ಟ್ರಾನ್ಸಿಯೆಂಟ್ (ಸಮಯದ ಜೊತೆ ಸಾಗುವ ಸಿಮ್ಯುಲೇಶನ್) ಇಲ್ಲಿಗೆ ಬೇಡ, ಅದು ನಿಧಾನ.

ಕೊನೆಗೆ ಮೂರೋ ನಾಲ್ಕೋ ಆರಿಸಬೇಕು. ಇಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಕಾಸ್ಟ್ ಅತಿ ಕಡಿಮೆ ಇರುವ ಮೂರನ್ನು ಎತ್ತಿಕೊಂಡರೆ ಆ ಮೂರೂ ಒಂದೇ ಕಣಿವೆಯಲ್ಲಿ ಇರಬಹುದು. ಮೂರು ಸಲ ಇಳಿದು ಒಂದೇ ತಳ ಮುಟ್ಟಿದರೆ ಏನು ಸಿಕ್ಕಿತು? ಮೊದಲನೆಯದನ್ನು ಕಾಸ್ಟ್ ನೋಡಿ ಆರಿಸಿ. ಎರಡನೆಯದನ್ನು ಆರಿಸುವಾಗ ಮೊದಲನೆಯದರಿಂದ ದೂರ ಇರುವುದನ್ನು ನೋಡಿ. ದೂರವನ್ನೂ ಲಾಗ್‌ನಲ್ಲೇ ಅಳೆಯಿರಿ.

ಒಟ್ಟಿನಲ್ಲಿ ಈ ವಿಧಾನ ಯಾರಿಗೆ? ಸಿಮ್ಯುಲೇಶನ್ ಸೆಕೆಂಡುಗಳಲ್ಲಿ ಮುಗಿಯುವವರಿಗೆ, ಸ್ಕ್ರಿಪ್ಟ್ ಬರೆಯಲು ಬರುವವರಿಗೆ, ಸರ್ಕ್ಯೂಟ್ ಹೊಸದಾಗಿದ್ದು ಸೂತ್ರ ಇಲ್ಲದವರಿಗೆ. ವಿವರಣೆಯ ವಿಷಯದಲ್ಲಿ ಮಾತ್ರ ಇದು ಬಡವ. ಉತ್ತರ ಬಂದ ಮೇಲೆ ಅದು ಯಾಕೆ ಕೆಲಸ ಮಾಡುತ್ತದೆ ಎಂದು ನೀವೇ ಹಿಂದಕ್ಕೆ ಲೆಕ್ಕ ಹಾಕಿ ತಿಳಿಯಬೇಕು.

ಮೊದಲು ಗ್ಲೋಬಲ್, ಆಮೇಲೆ ಲೋಕಲ್

1983ರಲ್ಲಿ ಬಂದ ಸಿಮ್ಯುಲೇಟೆಡ್ ಅನೀಲಿಂಗ್, 1997ರಲ್ಲಿ ಸ್ಟಾರ್ನ್ ಮತ್ತು ಪ್ರೈಸ್ ಪ್ರಕಟಿಸಿದ ಡಿಫರೆನ್ಶಿಯಲ್ ಇವಲ್ಯೂಶನ್, ಜೆನೆಟಿಕ್ ಅಲ್ಗಾರಿದಮ್ ಇವೆಲ್ಲ ಒಂದು ಕಣಿವೆಯಿಂದ ಇನ್ನೊಂದಕ್ಕೆ ಹಾರಬಲ್ಲವು. ಇವು ಕೊಟ್ಟ ಉತ್ತರವನ್ನೇ ಸ್ಟಾರ್ಟಿಂಗ್ ಪಾಯಿಂಟ್ ಮಾಡಿ ಲೋಕಲ್‌ನಲ್ಲಿ ಉಜ್ಜಿ ಹೊಳಪು ಕೊಡುವುದು ವಾಡಿಕೆ. ಪಿಸ್ಪೈಸ್‌ನ ಆಪ್ಟಿಮೈಸರ್‌ನಲ್ಲಿಯೂ ರ‍್ಯಾಂಡಮ್ ಎಂಜಿನ್‌ನಿಂದ ಪಾಯಿಂಟ್ ಹುಡುಕಿ, ಲೀಸ್ಟ್ ಸ್ಕ್ವೇರ್ಸ್ ಎಂಜಿನ್‌ಗೆ ಕೊಟ್ಟು, ಕೊನೆಗೆ ಡಿಸ್ಕ್ರೀಟ್ ಎಂಜಿನ್‌ನಿಂದ ಮಾರ್ಕೆಟ್‌ನಲ್ಲಿ ಸಿಗುವ ಬೆಲೆಗೆ ಇಳಿಸುವ ಕ್ರಮ ಇದೆ. ಉಚಿತವಾದ ಕ್ಯೂಕ್ಸ್ ಸಿಮ್ಯುಲೇಟರ್ ಕೂಡ ಆಸ್ಕೋ ಎಂಬ ಟೂಲ್ ಮೂಲಕ ಡಿಫರೆನ್ಶಿಯಲ್ ಇವಲ್ಯೂಶನ್ ಕೊಡುತ್ತದೆ.

ಬೆಲೆ ಎಷ್ಟು ನೋಡಿ. ಸೈಪೈಯ ಡಿಫಾಲ್ಟ್‌ನಲ್ಲಿ ಪ್ರತಿ ವೇರಿಯಬಲ್‌ಗೆ 15 ಸದಸ್ಯರು. 10 ವೇರಿಯಬಲ್‌ಗೆ ಒಂದು ತಲೆಮಾರಿಗೆ 150 ಸಿಮ್ಯುಲೇಶನ್. ಒಂದಕ್ಕೆ 2 ಸೆಕೆಂಡ್ ಎಂದರೆ 5 ನಿಮಿಷ. 100 ತಲೆಮಾರು ಓಡಿದರೆ ಎಂಟು ತಾಸು ದಾಟಿತು. ರಾತ್ರಿ ಬಿಟ್ಟು ಮಲಗಬಹುದು, ತಪ್ಪಿಲ್ಲ. ಆದರೆ ನಮ್ಮ ಕರಾವಳಿಯ ಜುಲೈ ರಾತ್ರಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಗಾಳಿ ಮಳೆಗೆ ಕರೆಂಟ್ ಹೋದರೆ, ಲ್ಯಾಪ್‌ಟಾಪ್ ಬ್ಯಾಟರಿ ಮುಗಿದರೆ ಎಲ್ಲಾ ನೀರಲ್ಲಿ ಹೋಮ. ಪ್ರತಿ ತಲೆಮಾರಿನ ಉತ್ತಮ ಪಾಯಿಂಟ್ ಫೈಲ್‌ಗೆ ಬರೆಯುವಂತೆ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಸೇರಿಸಿ. ಕಾಲೇಜು ಲ್ಯಾಬ್‌ನಲ್ಲಿ ಲೈಸೆನ್ಸ್ ಹಂಚಿಕೊಳ್ಳುವವರು ಇನ್ನೂ ಯೋಚಿಸಬೇಕು. ನೀವು ರಾತ್ರಿಯಿಡೀ ಹಿಡಿದು ಕೂತರೆ ಬೇರೆಯವರಿಗೆ ಸಿಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇದು ಕೊನೆಯ ಆಯ್ಕೆ. ಕೈಲೆಕ್ಕದಿಂದಲೂ ಚೆಲ್ಲಿ ಹುಡುಕುವುದರಿಂದಲೂ ಸ್ಪೆಕ್ ಮುಟ್ಟದಿದ್ದಾಗ ಮಾತ್ರ. ಆಗಲೂ ಕೈಲೆಕ್ಕದ ಪಾಯಿಂಟ್ ಅನ್ನು ಮೊದಲ ತಲೆಮಾರಿನಲ್ಲಿ ಒಬ್ಬ ಸದಸ್ಯನಾಗಿ ಸೇರಿಸಿಬಿಡಿ. ಜೀವಂತ ಸರ್ಕ್ಯೂಟ್ ಒಂದಾದರೂ ಒಳಗೆ ಇದ್ದರೆ ಶುರುವಿನ ಎಷ್ಟೋ ತಲೆಮಾರು ಉಳಿಯುತ್ತದೆ.

ಆರ್‌ಎಫ್‌ನವರ ಲೆಕ್ಕ ಬೇರೆ

50 ಓಮ್ ಅನ್ನು 200 ಓಮ್‌ಗೆ 100 ಮೆಗಾಹರ್ಟ್ಸ್‌ನಲ್ಲಿ ಮ್ಯಾಚ್ ಮಾಡಬೇಕು ಎಂದುಕೊಳ್ಳಿ. ಎಲ್ ಆಕಾರದ ನೆಟ್‌ವರ್ಕ್‌ಗೆ ಎರಡು ಉತ್ತರ. ಒಂದು, ಸೀರೀಸ್‌ನಲ್ಲಿ ಸುಮಾರು 138 ನ್ಯಾನೋಹೆನ್ರಿ, ಶಂಟ್‌ನಲ್ಲಿ 13.8 ಪಿಕೋಫ್ಯಾರಡ್. ಇನ್ನೊಂದು, ಸೀರೀಸ್‌ನಲ್ಲಿ 18.4 ಪಿಕೋಫ್ಯಾರಡ್, ಶಂಟ್‌ನಲ್ಲಿ 184 ನ್ಯಾನೋಹೆನ್ರಿ. 100 ಮೆಗಾಹರ್ಟ್ಸ್‌ನಲ್ಲಿ ಎರಡೂ ಅಷ್ಟೇ ಒಳ್ಳೆಯವು. ಆದರೆ ಮೊದಲನೆಯದು ಲೋ ಪಾಸ್, ಹಾರ್ಮೋನಿಕ್ ತಡೆಯುತ್ತದೆ. ಎರಡನೆಯದು ಹೈ ಪಾಸ್, ಡಿಸಿ ತಡೆಯುತ್ತದೆ. ಲೋಕಲ್ ಆಪ್ಟಿಮೈಸರ್ ಒಂದರಿಂದ ಇನ್ನೊಂದಕ್ಕೆ ಯಾವತ್ತೂ ಹೋಗುವುದಿಲ್ಲ, ಹೋಗಲು ದಾರಿಯೇ ಇಲ್ಲ. ಕಣಿವೆಯನ್ನು ನೀವೇ ಸ್ಮಿತ್ ಚಾರ್ಟ್‌ನಲ್ಲಿ (ಇಂಪೀಡೆನ್ಸ್ ತೋರಿಸುವ ನಕ್ಷೆಯಲ್ಲಿ) ಆರಿಸಿ ಕೊಡಬೇಕು.

ಮೂರು ನಾಲ್ಕು ಭಾಗದ ನೆಟ್‌ವರ್ಕ್ ಆದರೆ ಕಣಿವೆಗಳೂ ಹೆಚ್ಚುತ್ತವೆ. ಎಡಿಎಸ್ ಅಥವಾ ಮೈಕ್ರೋವೇವ್ ಆಫೀಸ್ ಎಂಬ ಆರ್‌ಎಫ್ ಟೂಲ್ ಬಳಸುವವರು ಐಡಿಯಲ್ ಭಾಗಗಳಲ್ಲಿ ಮೊದಲು ಉತ್ತರ ತೆಗೆದು, ಅದರ ಮೇಲೆ ಸ್ವಲ್ಪ ರ‍್ಯಾಂಡಮ್, ಆಮೇಲೆ ಗ್ರೇಡಿಯಂಟ್ ಓಡಿಸುವುದು ಒಳ್ಳೆಯದು. ಇಂಡಕ್ಟರ್‌ನ ನಿಜವಾದ ಮಾಡೆಲ್ ಕೊನೆಗೆ ಬರಲಿ.

ಬೋರ್ಡ್‌ನವರಿಗೆ ಆಪ್ಟಿಮೈಸರ್ ಬೇಕಾ?

ಬೈಕಂಪಾಡಿಯಲ್ಲಿ ಸೆನ್ಸರ್ ಬೋರ್ಡ್ ಮಾಡುವ ಒಬ್ಬರಿಗೆ 1 ಕಿಲೋಹರ್ಟ್ಸ್‌ನ ಲೋ ಪಾಸ್ ಫಿಲ್ಟರ್ ಬೇಕು ಎನ್ನೋಣ. ಸ್ಯಾಲೆನ್-ಕೀ ಜೋಡಣೆ, ಬಟರ್‌ವರ್ತ್ ಬಗೆ. ಕೈಲೆಕ್ಕಕ್ಕೆ 10 ಮತ್ತು 20 ನ್ಯಾನೋಫ್ಯಾರಡ್, ಎರಡು 11.25 ಕಿಲೋ ಓಮ್ ಬರುತ್ತದೆ. ಅಂಗಡಿಯಲ್ಲಿ 20 ಸುಲಭವಾಗಿ ಸಿಗುವುದಿಲ್ಲ, 22 ಸಿಗುತ್ತದೆ. 11 ಕಿಲೋ ಓಮ್ ಹಾಕಿದರೆ ಫ್ರೀಕ್ವೆನ್ಸಿ 976 ಹರ್ಟ್ಸ್ ಹತ್ತಿರ, ಕ್ಯೂ 0.707ರ ಬದಲು 0.74. ಬಹಳ ಕೆಲಸಕ್ಕೆ ಇಷ್ಟೇ ಧಾರಾಳ ಸಾಕು.

ಇಲ್ಲಿ ಲೋಕಲ್ ಆಪ್ಟಿಮೈಸರ್ 11.173 ಕಿಲೋ ಓಮ್ ಎಂದು ಉತ್ತರ ಕೊಟ್ಟು ಏನು ಪ್ರಯೋಜನ? ಸಿಗುವ ಬೆಲೆಗಳನ್ನೇ ಪೂರ್ತಿ ಹುಡುಕುವುದು ಸುಲಭ. ಒಂದು ದಶಕದೊಳಗೆ ಎರಡು ಕೆಪಾಸಿಟರ್‌ಗೆ ತಲಾ 12 ಬೆಲೆ, ಎರಡೂ ಸಮ ಇರುವ ರೆಸಿಸ್ಟರ್‌ಗೆ 24 ಬೆಲೆ ಎಂದರೆ ಒಟ್ಟು 3,456 ಜೋಡಣೆ. ಸೂತ್ರದಲ್ಲೇ ಲೆಕ್ಕ ಹಾಕಿದರೆ ಒಂದು ಸೆಕೆಂಡ್ ಕೂಡ ಬೇಡ. ಎಲ್‌ಟಿಸ್ಪೈಸ್‌ನ ಸ್ಟೆಪ್ ಆಜ್ಞೆಯಲ್ಲಿ ಅಂತಿಮ ಐದಾರನ್ನು ನೋಡಿದರೆ ಮುಗಿಯಿತು. ಮೇಲೆ ಬೈದ ಗ್ರಿಡ್ ಇಲ್ಲಿ ಗೆಲ್ಲುತ್ತದೆ.

ಸ್ಟಾರ್ಟಿಂಗ್ ಪಾಯಿಂಟ್ ಮೇಲೆ ಬರುವ ಸುಳ್ಳು ಅಪವಾದ

ಒಳ್ಳೆಯ ಪಾಯಿಂಟ್ ಕೊಟ್ಟರೂ ಆಪ್ಟಿಮೈಸರ್ ಅಲ್ಲೇ ನಿಂತರೆ, ಬೇರೆ ಪಾಯಿಂಟ್ ಹುಡುಕುವ ಮೊದಲು ಹೆಜ್ಜೆಯ ಗಾತ್ರ ನೋಡಿ. ಸ್ಪೈಸ್‌ನಲ್ಲಿ ರೆಲ್‌ಟಾಲ್ ಡಿಫಾಲ್ಟ್ 0.001. ಅಂದರೆ ಉತ್ತರದಲ್ಲಿ ಸಾವಿರಕ್ಕೆ ಒಂದರಷ್ಟು ಅಲುಗಾಟವನ್ನು ಸಿಮ್ಯುಲೇಟರ್ ಲೆಕ್ಕಕ್ಕೇ ಇಡದಿರಬಹುದು. ಸೈಪೈಯ ಬಿಎಫ್‌ಜಿಎಸ್ ಎಂಬ ಕ್ವಾಸಿ-ನ್ಯೂಟನ್ ವಿಧಾನ ಡಿಫಾಲ್ಟ್‌ನಲ್ಲಿ ವೇರಿಯಬಲ್ ಅನ್ನು ಅಲುಗಿಸುವುದು 0.000000015ರಷ್ಟು. ಆ ಗ್ರೇಡಿಯಂಟ್‌ನಲ್ಲಿ ಬರುವುದು ಬರೀ ಕಸ. ಹೆಜ್ಜೆಯನ್ನು ಶೇಕಡಾ ಒಂದರ ಹತ್ತಿರ ಇಡಿ, ರೆಲ್‌ಟಾಲ್ ಅನ್ನು ಬಿಗಿ ಮಾಡಿ.

ನೆಲ್ಡರ್-ಮೀಡ್ ಬಳಸುವವರಿಗೂ ಒಂದು ಗುಂಡಿ ಉಂಟು. ಅಗಲವನ್ನು ಮೀಟರ್‌ನಲ್ಲೇ ಕೊಟ್ಟರೆ ಎಲ್ಲಾ ಸಂಖ್ಯೆಗಳೂ 0.000005 ಹೀಗಿರುತ್ತವೆ. ಸೈಪೈಯ ನಿಲ್ಲುವ ಅಳತೆ 0.0001. ವೇರಿಯಬಲ್ ಮಟ್ಟಿಗೆ ಶುರುವಾಗುವ ಮೊದಲೇ ಮುಗಿದ ಹಾಗೆ. ಎಲ್ಲವನ್ನೂ ಲಾಗ್ ಮಾಡಿ 0ಯಿಂದ 1ರ ಒಳಗೆ ತನ್ನಿ. ಆದರೆ ಸರಿಯಾಗಿ 0 ಎಂಬ ತುದಿಯಲ್ಲಿ ಶುರು ಮಾಡಬೇಡಿ. ಉಳಿದ ಬೆಲೆಗಳಿಗೆ ಅದು ಶೇಕಡಾ 5ರ ಮೊದಲ ಹೆಜ್ಜೆ ಇಟ್ಟರೆ, ಸೊನ್ನೆಗೆ 0.00025 ಮಾತ್ರ ಇಡುತ್ತದೆ. ಆ ವೇರಿಯಬಲ್ ಕದಲುವುದೇ ಇಲ್ಲ.

ನಿಮ್ಮ ಪರಿಸ್ಥಿತಿಗೆ ಯಾವುದು

ಫೈನಲ್ ಇಯರ್, ಲ್ಯಾಪ್‌ಟಾಪ್, ಉಚಿತ ಟೂಲ್, ಗೊತ್ತಿರುವ ಟೋಪಾಲಜಿ: ಕೈಲೆಕ್ಕ ಮಾಡಿ, ಅದರ ಸುತ್ತ ಶೇಕಡಾ 30-40ರಷ್ಟು ಅಂತರದಲ್ಲಿ 16 ಪಾಯಿಂಟ್ ಚೆಲ್ಲಿ, ಸತ್ತವನ್ನು ಬಿಟ್ಟು ಉತ್ತಮ ಮೂರರಿಂದ ನೆಲ್ಡರ್-ಮೀಡ್ ಓಡಿಸಿ. ವೈವಾಕ್ಕೂ ಆಯಿತು.

ಎಂಟೆಕ್ ಅಥವಾ ರಿಸರ್ಚ್, ಹೊಸ ಸರ್ಕ್ಯೂಟ್, ಲ್ಯಾಬ್‌ನ ಸರ್ವರ್ ಸಿಗುತ್ತದೆ ಎಂದಾದರೆ ಪೂರ್ತಿ ವ್ಯಾಪ್ತಿಯಲ್ಲಿ ಸೋಬೋಲ್ 128 ಅಥವಾ 256, ಡಿಸಿಯಲ್ಲಿ ಸೋಸಿ, ದೂರ ದೂರದ ನಾಲ್ಕೈದರಿಂದ ಇಳಿಯಿರಿ. ಸಾಲದಿದ್ದರೆ ಗ್ಲೋಬಲ್.

ಕಂಪನಿಯಲ್ಲಿ ಇದ್ದು, ಒಂದು ಸಿಮ್ಯುಲೇಶನ್‌ಗೆ ಹತ್ತಾರು ನಿಮಿಷ ಹಿಡಿಯುವವರು ಹಳೆಯ ಡಿಸೈನ್ ಬಿಡಬೇಡಿ. ಲೇಔಟ್‌ಗೆ ಮೊದಲಿನ ವೇಗದ ಸಿಮ್ಯುಲೇಶನ್‌ನಲ್ಲಿ ಎಲ್ಲಾ ಹುಡುಕಾಟ ಮುಗಿಸಿ, ಅಲ್ಲಿ ಸಿಕ್ಕ ತಳವನ್ನು ಲೇಔಟ್ ನಂತರದ ಲೋಕಲ್ ಓಟಕ್ಕೆ ಸ್ಟಾರ್ಟಿಂಗ್ ಪಾಯಿಂಟ್ ಮಾಡಿ. ನಿಧಾನದ ಸಿಮ್ಯುಲೇಶನ್‌ನಲ್ಲಿ ಕಣಿವೆ ಹುಡುಕುವುದು ದುಡ್ಡು ಸುಟ್ಟ ಹಾಗೆ.

ಎರಡು ಕಡೆಯಿಂದ ಶುರು ಮಾಡಿ, ಎರಡು ಬೇರೆ ಬೇರೆ ಉತ್ತರಕ್ಕೆ ಬಂದು, ಕಾಸ್ಟ್ ಮಾತ್ರ ಹೆಚ್ಚು ಕಡಿಮೆ ಒಂದೇ ಇದ್ದರೆ ಏನು ಮಾಡಬೇಕು ಎಂದೂ ಹಲವರು ಕೇಳುತ್ತಾರೆ. ಎರಡನ್ನೂ ಕಾರ್ನರ್‌ಗಳಲ್ಲಿ (ಪ್ರೊಸೆಸ್ ಮತ್ತು ತಾಪಮಾನದ ತುದಿಗಳಲ್ಲಿ) ಓಡಿಸಿ. ಸ್ಲೋ-ಸ್ಲೋ, ಫಾಸ್ಟ್-ಫಾಸ್ಟ್, ಮೈನಸ್ 40 ಮತ್ತು 125 ಡಿಗ್ರಿ. ಒಂದು ಕಣಿವೆ ಕಿರಿದಾಗಿದ್ದರೆ ಫೇಸ್ ಮಾರ್ಜಿನ್ ಅಲ್ಲೆಲ್ಲೋ ಕುಸಿಯುತ್ತದೆ. ಅಗಲ ಇರುವುದು ಅಷ್ಟಾಗಿ ಕದಲುವುದಿಲ್ಲ. ಅಲ್ಲಿಯೂ ಸಮ ಬಂದರೆ ಏರಿಯಾ ಕಡಿಮೆ ಇರುವುದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಅದರ ಸ್ಟಾರ್ಟಿಂಗ್ ಪಾಯಿಂಟ್ ಸಮೇತ ಫೈಲ್‌ನಲ್ಲಿ ಉಳಿಸಿ. ಸ್ಪೆಕ್ ಬದಲಾದ ದಿನ ಅದು ಬೇಕಾಗುತ್ತದೆ.